ಚಕ್ಕೋತ: ಬೀಜದ ಗಿಡವೋ, ಗೂಟಿ ಗಿಡವೋ?



ಕಡಗಂಚಿಯ ಸುತ್ತಲಿನ ಎರೆಭೂಮಿ ತೊಗರಿ, ಕಡಲೆ, ಜೋಳಕ್ಕೆ ಹೆಸರಾದದ್ದು. ಆದರೂ ಬಾವಿಯ ನೀರಿರುವ ಕಡೆ ನಾಲ್ಕು ಹಣ್ಣಿನ ಗಿಡಗಳಿರಲಿ ಎಂಬ ಆಸೆ ಯಾರಿಗಿಲ್ಲ? ಬೆಂಗಳೂರಿಗೆ ಹೋದವರು ದೇವನಹಳ್ಳಿಯ ಚಕ್ಕೋತ ಹಣ್ಣು ತಂದರೆ, ಮನೆಮಂದಿ ತೊಳೆ ಬಿಡಿಸಿ ತಿನ್ನುತ್ತಾರೆ. ದಪ್ಪ ಬೀಜ ಕಂಡ ಹಿರಿಯರು, "ಚೆಲ್ಲಬ್ಯಾಡ್ರಿ, ಬಾವಿ ದಂಡಿಗಿ ಹಾಕ್ರಿ" ಎನ್ನುತ್ತಾರೆ. ಬೀಜ ಮೊಳೆಯುತ್ತದೆ, ಗಿಡವೂ ಆಗುತ್ತದೆ. ಆದರೆ ಏಳೆಂಟು ವರ್ಷ ನೀರುಣಿಸಿದ ಮೇಲೆ ಬಿಟ್ಟ ಹಣ್ಣು ಹುಳಿಯೋ ಕಹಿಯೋ ಆದರೆ, ಆ ವರ್ಷಗಳು ಮರಳಿ ಬರುವುದಿಲ್ಲ.

"ಲಿಂಬೆಯನ್ನು ಬೀಜದಿಂದಲೇ ಬೆಳೆಸುವುದಿಲ್ಲವೇ?" ಎಂದು ಕೇಳುವವರುಂಟು. ನಿಜ. ಭೀಮಾ ನದಿಯಾಚೆಯ ಇಂಡಿ ತಾಲ್ಲೂಕಿನ ಲಿಂಬೆ ತೋಟಗಳೇ ಅದಕ್ಕೆ ಸಾಕ್ಷಿ. ಕಾಗಜಿ ಲಿಂಬೆಯ ಒಂದು ಬೀಜದಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ನೆರವಿಲ್ಲದೆ ತಾಯಿಮರದ ಅಂಶದಿಂದಲೇ ಹುಟ್ಟುತ್ತವೆ. ಆದುದರಿಂದ ಸಸಿ ತಾಯಿಯನ್ನೇ ಹೋಲುತ್ತದೆ. ಚಕ್ಕೋತದ ಬೀಜದಲ್ಲಿ ಇರುವುದು ಒಂದೇ ಭ್ರೂಣ. ಅದು ಪರಾಗದಿಂದ ಹುಟ್ಟಿದ್ದು. ಹೆಚ್ಚಿನ ಚಕ್ಕೋತ ಮರಗಳು ತಮ್ಮ ಪರಾಗದಿಂದ ಬೀಜ ಕಟ್ಟುವುದೂ ಇಲ್ಲ. ಹೀಗಾಗಿ ಒಂದೇ ಹಣ್ಣಿನ ಹತ್ತು ಬೀಜ ಹಾಕಿದರೆ ಹತ್ತು ಬಗೆಯ ಮರಗಳಾಗುತ್ತವೆ. ಅಪರೂಪಕ್ಕೆ ಒಳ್ಳೆಯ ಹೊಸ ಹಣ್ಣು ಸಿಗಲೂಬಹುದು. ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ ಚಕ್ಕೋತ ಮತ್ತು ಸಿಹಿ ಕಿತ್ತಳೆ ತಾವಾಗಿಯೇ ಬೆರೆತು ಗ್ರೇಪ್‌ಫ್ರೂಟ್ ಹುಟ್ಟಿದ್ದು ಹೀಗೆಯೇ. ಆದರೆ ಅದೃಷ್ಟವನ್ನು ನಂಬಿ ತೋಟ ಮಾಡಲಾಗದು.

ಹಿತ್ತಲಿಗೆ ಒಂದೆರಡು ಗಿಡ ಸಾಕೆನ್ನುವವರು ಬೀಜ ಹಾಕಲು ಅಡ್ಡಿಯಿಲ್ಲ. ಬೀಜದ ಗಿಡಕ್ಕೆ ತಾಯಿಬೇರು ಆಳಕ್ಕಿಳಿಯುತ್ತದೆ. ಚಕ್ಕೋತದ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣಿನಿಂದ ತೆಗೆದ ಕೂಡಲೇ ಲೋಳೆ ಹೋಗುವಂತೆ ತೊಳೆದು, ನೆರಳಿನಲ್ಲಿ ನೀರಾರಿಸಿ, ಒಂದೆರಡು ದಿನದೊಳಗೆ ಬಿತ್ತಬೇಕು. ಮರಳು, ಕೆಂಪುಮಣ್ಣು, ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿದ ಚೀಲದಲ್ಲಿ ಅರ್ಧ ಅಂಗುಲ ಆಳಕ್ಕೆ ಊರಿ, ನೆರಳಿನಲ್ಲಿಟ್ಟು ತೇವ ಕಾಪಾಡಬೇಕು. ಸುಮಾರು 3ರಿಂದ 5 ವಾರಗಳಲ್ಲಿ ಮೊಳಕೆ ಕಾಣುತ್ತದೆ. ಒಂದು ವರ್ಷದ ಸಸಿಯನ್ನು ಮಳೆಗಾಲದ ಆರಂಭದಲ್ಲಿ ಹೊಲಕ್ಕೆ ನೆಡಬಹುದು.

ಹಣ್ಣು ಮಾರುವ ಉದ್ದೇಶವಿದ್ದವರು ಮಾತ್ರ ಗೂಟಿ ಗಿಡ ಅಥವಾ ಕಣ್ಣು ಕಸಿ ಮಾಡಿದ ಗಿಡವನ್ನೇ ನೆಡಬೇಕು. ಇವು ತಾಯಿಮರದ ಹಣ್ಣನ್ನೇ ಕೊಡುತ್ತವೆ, ಬೀಜದ ಗಿಡಕ್ಕಿಂತ ಬೇಗ ಫಲಕ್ಕೆ ಬರುತ್ತವೆ. ಗೂಟಿ ಕಟ್ಟಲು ಮಳೆಗಾಲ ಸೂಕ್ತ. ರುಚಿ ನೋಡಿ ಆರಿಸಿದ, ರೋಗವಿಲ್ಲದ ಮರದಲ್ಲಿ ಸೀಸದ ಕಡ್ಡಿ ಗಾತ್ರದ ಕೊಂಬೆಯಿಂದ ಒಂದು ಅಂಗುಲದಷ್ಟು ತೊಗಟೆಯನ್ನು ಸುತ್ತಲೂ ತೆಗೆದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಎರಡು ತುದಿಗಳನ್ನೂ ಬಿಗಿಯಬೇಕು. ಸುಮಾರು ಎರಡು ತಿಂಗಳಲ್ಲಿ ಬೇರು ಕಾಣುತ್ತದೆ. ಆಗ ಕತ್ತರಿಸಿ, ಚೀಲದಲ್ಲಿ ನೆಟ್ಟು, ನೆರಳಿನಲ್ಲಿ ಚೇತರಿಸಿಕೊಳ್ಳಲು ಬಿಡಬೇಕು. ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲವಾದ್ದರಿಂದ ಹೊಲದಲ್ಲಿ ಊರುಗೋಲು ಅವಶ್ಯ.

ಇನ್ನು ಭೂಮಿಯ ಮಾತು. ನೀರು ನಿಲ್ಲುವ ಎರೆಮಣ್ಣಿನಲ್ಲಿ ಚಕ್ಕೋತದ ಬೇರು ಕೊಳೆತು, ಬುಡದಿಂದ ಅಂಟು ಸೋರುತ್ತದೆ. ಆದುದರಿಂದ ನೀರು ಬಸಿಯುವ ಜಾಗವನ್ನೇ ಆರಿಸಿ, ದಿಬ್ಬ ಮಾಡಿ, ಗಿಡದಿಂದ ಗಿಡಕ್ಕೆ 7 ಮೀಟರಿನಷ್ಟು ಅಂತರ ಬಿಟ್ಟು ನೆಡಬೇಕು. ನೀರು ಕಾಂಡಕ್ಕೆ ತಾಗದಂತೆ ಸುತ್ತ ಪಾತಿ ಮಾಡಬೇಕು. ಸುಣ್ಣದಂಶ ಹೆಚ್ಚಿದ್ದರೆ ನರ ಹಸುರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಇದು ಕಬ್ಬಿಣದ ಕೊರತೆ. ಹೀಗಾಗಿ ಗುಂಡಿ ತೋಡುವ ಮೊದಲೇ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಸಲಹೆ ಪಡೆಯುವುದು ಒಳ್ಳೆಯದು.

ಕೊನೆಯದಾಗಿ ಒಂದು ಮಾತು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಸುತ್ತಲಿನ ಹೊಲ-ತೋಟಗಳು ನಿವೇಶನಗಳಾದವು, ಚಕ್ಕೋತದ ಮರಗಳೂ ವಿರಳವಾದವು. ಒಳ್ಳೆಯ ಮರವೊಂದು ಉರುಳಿದರೆ, ಅದರ ಬೀಜದಿಂದ ಅದೇ ಹಣ್ಣನ್ನು ಮರಳಿ ಪಡೆಯಲಾಗದು. ಆಳಂದದಲ್ಲಾಗಲಿ ಅಫಜಲಪುರದಲ್ಲಾಗಲಿ, ಯಾರ ಹಿತ್ತಲಲ್ಲಾದರೂ ಸಿಹಿ ಚಕ್ಕೋತದ ಮರವಿದ್ದರೆ, ಅದು ಮುಪ್ಪಾಗುವ ಮುನ್ನ, ಬರುವ ಮಳೆಗಾಲದಲ್ಲೇ ನಾಲ್ಕು ಗೂಟಿ ಕಟ್ಟಿರಿ. ಎರಡನ್ನು ಮನೆಗಿಟ್ಟುಕೊಂಡು ಎರಡನ್ನು ನೆರೆಯವರಿಗೆ ಕೊಡಿರಿ. ಆ ಹಣ್ಣು ಊರಿನಲ್ಲಿ ಉಳಿಯುತ್ತದೆ.