ವಿದ್ಯಾರ್ಥಿನಿಲಯದ ಗೋಡೆ ಮತ್ತು ಊರಿನ ಮಣ್ಣು



ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ನೆರೆಹೊರೆಯ ತಾಲ್ಲೂಕುಗಳು. ಆದರೆ ಇವುಗಳ ಮಣ್ಣು ಒಂದೇ ಅಲ್ಲ. ಮುಂಡಗೋಡದ ಕಾಡಿಗೆ ತಾಗಿದ ಹಾನಗಲ್ಲ ಸೀಮೆಯಲ್ಲಿ ಕೆಮ್ಮಣ್ಣು. ಮೂಡಲಕ್ಕೆ ಸವಣೂರಿನತ್ತ ನಡೆದಂತೆ ಎರೆಭೂಮಿ.

ಇಲ್ಲಿಯ ತಾಂಡಾಗಳಲ್ಲಿ, ಒಳನಾಡಿನ ಹಳ್ಳಿಗಳಲ್ಲಿ ಹೆಣ್ಣುಮಗುವಿನ ಓದು ನಿಲ್ಲುವುದು ಬಹುಪಾಲು ಬುದ್ಧಿಯ ಕೊರತೆಯಿಂದಲ್ಲ, ದಾರಿಯ ದೂರದಿಂದ. ವಸತಿಯಿದ್ದರೆ ವಿದ್ಯೆಯೆಂಬುದನ್ನು ಈ ನಾಡು ಹಿಂದೆಯೇ ಅರಿತಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ವಟುಗಳಿಗೆ ಅನ್ನ, ಆಶ್ರಯ, ಪಾಠಗಳು ಒಂದೇ ಸೂರಿನಡಿ ದೊರೆತವು. ಹಿಂದುಳಿದ ತಾಲ್ಲೂಕುಗಳ ಬಾಲಕಿಯರಿಗಾಗಿ ಸರ್ಕಾರ ಕಸ್ತೂರಬಾ ಗಾಂಧಿ ವಸತಿ ಶಾಲೆಗಳ ಯೋಜನೆಯನ್ನು ತಂದದ್ದು 2004ರಲ್ಲಿ.

ನಗರದ ಎಂಜಿನಿಯರುಗಳು ಸ್ವಯಂಸೇವಕರಾಗಿ ಬಂದು ಇಂಥ ನಿಲಯಗಳನ್ನು ಕಟ್ಟಿಕೊಡಲು ಮುಂದಾದರೆ ಸ್ವಾಗತಿಸೋಣ. ಆದರೆ ಅವರ ಕೈಚೀಲದಲ್ಲಿ ಸಿದ್ಧವಾದ ಒಂದೇ ನಕ್ಷೆಯಿದ್ದರೆ ಎಚ್ಚರ ಅಗತ್ಯ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ; ಹಾನಗಲ್ಲದ ಗಟ್ಟಿನೆಲಕ್ಕೆ ಸಾಲುವ ಆಳದ ಬುನಾದಿಯನ್ನು ಸವಣೂರಿನಲ್ಲಿ ಹಾಕಿದರೆ ಕೆಲವೇ ವರ್ಷಗಳಲ್ಲಿ ಗೋಡೆ ಸೀಳುತ್ತದೆ. ಇದು ಯಾವ ಅಜ್ಜನಿಗೂ ಗೊತ್ತಿರುವ ಸಂಗತಿ. ಕೇಳುವವರಿರಬೇಕು, ಅಷ್ಟೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಬೇರೆಯ ದಾರಿ ಹಿಡಿಯಿತು. ಅದರ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಗರ ನಡುವೆ ಕೆಲಸ ಮಾಡಿದರು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ರೂಢಿಗೆ ತಂದ ಒತ್ತುಮಣ್ಣಿನ ಇಟ್ಟಿಗೆಗೆ ಭಟ್ಟಿ ಬೇಡ. ಜರಡಿ ಹಿಡಿದ ಮಣ್ಣು, ಮರಳು, ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು, ತುಸು ನೀರು. ಕೈಯಂತ್ರದಲ್ಲಿ ಒತ್ತಿ, ಮೂರು-ನಾಲ್ಕು ವಾರ ನೀರುಣಿಸಿದರೆ ಮುಗಿಯಿತು. 2003ರಲ್ಲಿ ಪ್ರಕಟವಾದ ಅವರದೇ ಲೆಕ್ಕದಂತೆ, ಸುಟ್ಟ ಇಟ್ಟಿಗೆಯ ಗೋಡೆ ನುಂಗುವ ಶಕ್ತಿಯ ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿ ಈ ಗೋಡೆ ಏಳುತ್ತದೆ. ಊರ ಭಟ್ಟಿಗಳಿಗೆ ಕಟ್ಟಿಗೆ ಎಲ್ಲಿಂದ ಹೋಗುತ್ತದೆಂಬುದನ್ನು ಮಲೆನಾಡಿಗರಿಗೆ ವಿವರಿಸಬೇಕಿಲ್ಲ.

ಎಲ್ಲ ಮಣ್ಣೂ ಇದಕ್ಕೆ ಒದಗದು. ಶಾಲೆಯ ಮಕ್ಕಳೇ ಪರೀಕ್ಷಿಸಬಹುದು: ಗಾಜಿನ ಬಾಟಲಿಯ ಮೂರನೆಯ ಒಂದು ಭಾಗಕ್ಕೆ ಮಣ್ಣು ತುಂಬಿ, ನೀರು ಹೊಯ್ದು, ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನವುರು ಹೂಳು, ತುದಿಯಲ್ಲಿ ಜೇಡಿ ಪದರಗಟ್ಟುತ್ತವೆ. ಜೇಡಿ ಹೆಚ್ಚಿದ್ದರೆ ಮರಳು ಬೆರೆಸಬೇಕು. ಎರೆಯಾದರೆ ಸುಣ್ಣವೂ ಬೇಕಾದೀತು.

ಗೋಡೆಗೆ ಕಟ್ಟಿಗೆ ಸುಡುವುದು ಒಮ್ಮೆ. ನಿಲಯದ ಅಡುಗೆಮನೆಯಲ್ಲಿ ಅದು ದಿನಕ್ಕೆ ಎರಡು ಹೊತ್ತು, ವರುಷಗಟ್ಟಲೆ ಸುಡುತ್ತದೆ. ನಕ್ಷೆ ಬರೆಯುವವರು ಮರೆಯುವುದು ಇದನ್ನೇ. ಕರ್ನಾಟಕದ ಮನೆಮನೆಗೆ ಪರಿಚಿತವಾದ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯೂ ಅದೇ ಕೇಂದ್ರದ ಕೊಡುಗೆ. ಆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಒಳಗೇ ತಿರುಗುತ್ತದೆ. ಮಸಿ ತೆಗೆಯುವವಳು ಅಡುಗೆಯಾಕೆ. ಒಲೆ ಹಾಕುವ ದಿನ ಎಂಜಿನಿಯರನ ಪಕ್ಕದಲ್ಲಿ ಆಕೆಯೂ, ಊರಿನ ಗೌಂಡಿಯೂ ನಿಂತಿರಬೇಕು.