ಹಲಸಿಗೆ ಆರೇಳು ವರ್ಷ, ಬಾಡಿಗೆಗೆ ಹನ್ನೊಂದು ತಿಂಗಳು
(ಪಟ್ಟಂದೂರು ಅಗ್ರಹಾರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ತರಕಾರಿಯ ಮಾತಾಡಲು ನಿಂತಿದ್ದೇವೆ. ಕೂಲಿಯ ಮಾತು ಬಿಟ್ಟರೆಂದು ಯಾರೂ ಬೇಸರಿಸಬೇಡಿ. ಕೂಲಿ ಏರಿದ ತಿಂಗಳೇ ನುಗ್ಗೆಕಾಯಿಯ ಬೆಲೆಯೂ ಏರಿದರೆ ಕೈಯಲ್ಲಿ ಉಳಿಯುವುದೇನೆಂದು ನಮ್ಮ ಹೆಣ್ಣುಮಕ್ಕಳು ಬಲ್ಲರು.

ಒಮ್ಮೆ ನೆಟ್ಟರೆ ಹತ್ತಾರು ವರ್ಷ ಉಣಬಡಿಸುವ ‘ಆಹಾರದ ಕಾಡು’ ಎಂಬ ಮಾತು ಇಲ್ಲಿನ ಗಾಜಿನ ಕಟ್ಟಡಗಳ ವಿದ್ಯಾವಂತರಲ್ಲಿ ಹಬ್ಬಿದೆ. 1978ರಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಎಂಬವರು ಇಂಥ ಬೇಸಾಯಕ್ಕೆ ಪರ್ಮಾಕಲ್ಚರ್ ಎಂದು ಹೆಸರಿಟ್ಟು ಪುಸ್ತಕ ಬರೆದರು. ಒಳ್ಳೆಯದೇ. ಆದರೆ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮದು. ಶಿರಸಿ ಸೀಮೆಯ ತೋಟ ನೋಡಿರಿ: ಮೇಲೆ ಅಡಿಕೆ, ಅದನ್ನಪ್ಪಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ. ಆ ತೋಟದ ಬೆನ್ನಿಗೆ ಸೊಪ್ಪಿನ ಬೆಟ್ಟವಿದೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಹಕ್ಕು. ಹಕ್ಕಿಲ್ಲದೆ ಸೊಪ್ಪಿಲ್ಲ, ಸೊಪ್ಪಿಲ್ಲದೆ ತೋಟವಿಲ್ಲ. ಈ ಪಾಠವನ್ನು ನೆನಪಿಡಿ.

ಮಲೆನಾಡು ದೂರವೆನ್ನುವಿರಾ? ನಮ್ಮ ನೆರೆಯ ವರ್ತೂರು ಸೀಮೆಯವರೇ ಆದ ಎಲ್. ನಾರಾಯಣ ರೆಡ್ಡಿಯವರು ಮೊದಲು ರಾಸಾಯನಿಕ ಗೊಬ್ಬರ ಹಾಕಿ ಭಾರಿ ಬೆಳೆ ತೆಗೆದರು. ಖರ್ಚು ಲಾಭವನ್ನು ನುಂಗಿತು. ಆಮೇಲೆ ಸೊಪ್ಪು, ಸಗಣಿ, ಮರಗಳನ್ನೇ ನಂಬಿ ದೊಡ್ಡಬಳ್ಳಾಪುರದ ಬಳಿ ತೋಟ ಕಟ್ಟಿದರು. 2019ರಲ್ಲಿ ತೀರಿಕೊಳ್ಳುವವರೆಗೂ ಬಂದವರಿಗೆಲ್ಲ ಕಲಿಸಿದರು.

ಮಾಡುವುದು ಹೇಗೆ? ಬೆಂಗಳೂರಿನ ಮಳೆ ವರ್ಷಕ್ಕೆ 900 ಮಿಲಿಮೀಟರಿಗೂ ಮೇಲೆ. ಬಹುಪಾಲು ಮೇಯಿಂದ ಅಕ್ಟೋಬರಿನೊಳಗೆ ಸುರಿದುಹೋಗುತ್ತದೆ. ಆದ್ದರಿಂದ ಮೊದಲು ನೀರು ಹಿಡಿಯಿರಿ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಅದರ ಮೇಲ್ಬದಿಗೆ ಕಾಲುವೆ ತೋಡಿರಿ. ಮೊದಲ ಮಳೆಗೆ ತೊಗರಿ, ಅವರೆ, ಅಗಸೆ ಹಾಕಿರಿ. ಇವು ಬೇರಿನಲ್ಲಿ ಸಾರಜನಕ ಹಿಡಿದು ಕೆಂಪು ಮಣ್ಣಿಗೆ ಕಸುವು ಕೊಡುತ್ತವೆ. ಅವುಗಳ ನೆರಳಲ್ಲಿ ಹಲಸು, ನೇರಳೆ ಏಳಲಿ. ನಡುವೆ ನುಗ್ಗೆ, ಪಪ್ಪಾಯಿ, ಬಾಳೆ, ಕರಿಬೇವು. ಬೇಲಿಗೆ ತೊಂಡೆ, ಬಸಳೆ. ನೆಲದೊಳಗೆ ಅರಿಶಿನ, ಸುವರ್ಣಗೆಡ್ಡೆ. ಬಿದ್ದ ಎಲೆಯನ್ನು ಸುಡದೆ ಬುಡಕ್ಕೆ ಹಾಸಿರಿ. ಪಾತ್ರೆ ತೊಳೆದ ನೀರು ಬಾಳೆಗೆ ಸಾಕು. ಕಾರ್ಖಾನೆಯ ಕೊಳೆ ಬೆರೆತ ನೀರು ಮಾತ್ರ ಬೇಡ. ಅದರ ಸೀಸ, ಕ್ಯಾಡ್ಮಿಯಂ ಸೊಪ್ಪಿನ ಮೂಲಕ ಮಕ್ಕಳ ಹೊಟ್ಟೆ ಸೇರುತ್ತದೆ.

ಇಷ್ಟನ್ನು ಹಿಂದಿನ ಸಭೆಯಲ್ಲಿ ಹೇಳಿದಾಗ ಸಂಗಾತಿಯೊಬ್ಬರು ಎದ್ದು ಕೇಳಿದರು: “ಮೇಷ್ಟ್ರೇ, ಹಲಸು ಫಲ ಬಿಡಲು ಆರೇಳು ವರ್ಷ. ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳು. ಯಾರಿಗಾಗಿ ನೆಡೋಣ?” ಶಾಲೆಯಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಹೇಳಿದ ನಾವು ಅಂದು ತಡವರಿಸಿದೆವು.

ಉತ್ತರ ಮಣ್ಣಿನಲ್ಲಿಲ್ಲ, ಕಾನೂನಿನಲ್ಲಿದೆ. 1882ರಲ್ಲಿ ಚಾಮರಾಜ ಒಡೆಯರು ವೈಟ್‌ಫೀಲ್ಡ್ ಸೀಮೆಯಲ್ಲಿ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಬೇಸಾಯದ ನೆಲೆಗಾಗಿಯೇ 3,900 ಎಕರೆ ಕೊಟ್ಟರು. 1974ರ ತಿದ್ದುಪಡಿ ಉಳುವವನನ್ನು ಒಡೆಯನೆಂದಿತು. 2020ರ ತಿದ್ದುಪಡಿ ಬೇಸಾಯಗಾರರಲ್ಲದ ಹಣವಂತರಿಗೂ ಕೃಷಿಭೂಮಿಯ ಬಾಗಿಲು ತೆರೆಯಿತು. ಇಲ್ಲಿ ದುಡಿಯುವವನಿಗೆ ಮಾತ್ರ ಒಂದು ಹಲಸಿನ ಮರ ನಿಲ್ಲುವಷ್ಟು ನೆಲವಿಲ್ಲ.

ನಮ್ಮ ಬೇಡಿಕೆ ಇಷ್ಟು. ಸರ್ಕಾರಿ ಶಾಲೆ, ಆಸ್ಪತ್ರೆಗಳ ಅಂಗಳದಲ್ಲಿ ನೆಟ್ಟು ಸಾಕಲು ಬೀದಿಯ ಜನರ ಸಂಘಕ್ಕೆ ಹತ್ತು ವರ್ಷದ ಲಿಖಿತ ಹಕ್ಕು ಬೇಕು. ಬಾಡಿಗೆದಾರನಿಗೂ ಅದರಲ್ಲಿ ಸದಸ್ಯತ್ವವಿರಲಿ. ಅವನು ಮನೆ ಬದಲಿಸಿದರೂ ಮರ ಸಂಘದ್ದಾಗಿರಲಿ. ಫಲದಲ್ಲಿ ಮೊದಲ ಪಾಲು ಮಕ್ಕಳ ಬಿಸಿಯೂಟಕ್ಕೆ, ಉಳಿದದ್ದು ನೀರೆರೆದವರಿಗೆ. ಕೆರೆಯ ಅಂಗಳ, ರಾಜಕಾಲುವೆ ನೀರಿಗೇ ಮೀಸಲಿರಲಿ; ಅಲ್ಲಿ ತೋಟವೂ ಬೇಡ, ಕಟ್ಟಡವೂ ಬೇಡ.

ಹಲಸಿನ ಬೀಜ ಒಣಗಿದರೆ ಮೊಳೆಯದು. ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಬೀಳಬೇಕು. ಅರ್ಜಿಯೂ ಹಾಗೆಯೇ. ಅದು ಮೇಜಿನ ಮೇಲಿದೆ. ರುಜು ಹಾಕಿ ಮನೆಗೆ ಹೋಗಿರಿ.