ಸ್ವಂತಕ್ಕೆ ಕೊಂಡ ಪಿಕಪ್ಪಿಗೆ ಹಳದಿ ಬೋರ್ಡು ಯಾಕೆ?

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘ ನಡೆದು ಬಂದ ದಾರಿಯನ್ನು ನನಗಿಂತ ಮುಂಚೆ ಮಾತಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವುದು ವಾಹನದ ವಿಷಯ. ಗೊಬ್ಬರಕ್ಕೆ, ಬೀಜಕ್ಕೆ ಸಾಲ ಕೇಳುತ್ತಿದ್ದ ರೈತ ಇವತ್ತು ಪಿಕಪ್ ಗಾಡಿಗೂ ಸಾಲ ಕೇಳುತ್ತಿದ್ದಾನೆ. ತನ್ನ ಟೊಮೇಟೊ, ತನ್ನ ತರಕಾರಿ ಹೊತ್ತಿಗೆ ಸರಿಯಾಗಿ ಮಂಡಿ ಸೇರಲಿ ಎಂಬುದು ಅವನ ಆಸೆ. ಅದು ನ್ಯಾಯವಾದ ಆಸೆಯೇ. ಆದರೆ ಆರ್‌ಟಿಓ ಆಫೀಸಿಗೆ ಹೋದ ಕೂಡಲೇ ಒಂದು ತಕರಾರು ಹುಟ್ಟುತ್ತದೆ: "ನಾನೇನು ಬಾಡಿಗೆ ಹೊಡೆಯೋದಿಲ್ಲ ಸ್ವಾಮಿ, ನನ್ನ ಹೊಲದ ಮಾಲು ಮಾತ್ರ ಹಾಕ್ತೀನಿ. ನನ್ನ ಗಾಡಿಗೆ ಹಳದಿ ಬೋರ್ಡು ಯಾಕೆ?"

ಇದಕ್ಕೆ ಉತ್ತರ 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನಲ್ಲಿದೆ. ಸರಕು ಸಾಗಿಸುವುದಕ್ಕೆಂದೇ ಕಟ್ಟಿದ ವಾಹನ 'ಸರಕು ವಾಹನ'. ಹಾಗೆ ಕಟ್ಟಿರದಿದ್ದರೂ ಸರಕು ಸಾಗಿಸಲು ಬಳಸಿದಾಗ ಅದೂ ಸರಕು ವಾಹನವೇ. ಸರಕು ವಾಹನವೆಲ್ಲ 'ಸಾರಿಗೆ ವಾಹನ'ದ ಲೆಕ್ಕಕ್ಕೆ ಬರುತ್ತದೆ. ಈ ಮಾತಿನಲ್ಲಿ ಬಾಡಿಗೆ ಎಂಬ ಶಬ್ದವೇ ಇಲ್ಲ ಎಂಬುದನ್ನು ಗಮನಿಸಬೇಕು. ಕಾಯ್ದೆ ನೋಡುವುದು ಗಾಡಿಯ ಕಟ್ಟಡವನ್ನು ಮತ್ತು ಬಳಕೆಯನ್ನು. ಮಾಲು ಯಾರದ್ದು ಎಂದಲ್ಲ. ಹಿಂದೆ ಎರಡು ಬೆಂಚು ಹಾಕಿಸಿದರೆ ಪಿಕಪ್ಪು ಕಾರಾಗುವುದಿಲ್ಲ. ಕಂಪನಿಯ ದಾಖಲೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು 52ನೇ ಕಲಮು ತಡೆಯುತ್ತದೆ.

"ಹಾಗಾದರೆ ಟ್ರ್ಯಾಕ್ಟರಿಗೆ ಯಾಕೆ ಇಲ್ಲ?" ಎಂದು ಕೇಳುವವರಿದ್ದಾರೆ. ವ್ಯವಸಾಯದ ಟ್ರ್ಯಾಕ್ಟರು ಉಳುವುದಕ್ಕೆ ಮಾಡಿದ ಯಂತ್ರ. ಅದನ್ನು ನಿಯಮವೇ ಸಾರಿಗೆಯೇತರ ವಾಹನ ಎಂದು ಬೇರೆ ಇಟ್ಟಿದೆ. ಇನ್ನು ಪಟ್ಟಣದಲ್ಲಿ ಬಿಳಿ ಬೋರ್ಡಿನ ಪಿಕಪ್ಪು ನೋಡಿದೆ ಎನ್ನುವವರೂ ಇದ್ದಾರೆ. ಅದೂ ನಿಜ. 2016ರಲ್ಲಿ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೋಟಾ ಹೈಲಕ್ಸ್‌ನಂಥವು ಎರಡು ಸಾಲು ಸೀಟಿನವು. ಅವನ್ನು ಖಾಸಗಿ ವಾಹನವಾಗಿಯೇ ಮಾರುತ್ತಾರೆ. ಅವುಗಳ ಬೆಲೆ ಇಪ್ಪತ್ತು ಲಕ್ಷ ದಾಟುತ್ತದೆ. ಮೂಟೆ ಹೊರುವ ನಮ್ಮ ಗಾಡಿಗೂ ಅದಕ್ಕೂ ಹೋಲಿಕೆ ಸಲ್ಲದು.

ಹಳದಿ ಬೋರ್ಡೆಂದರೆ ಬರೀ ತೊಂದರೆ ಎಂದು ಹೆದರಬೇಕಾಗಿಲ್ಲ. ಸಣ್ಣ ಗಾಡಿಯವರಿಗೆ ಕಾನೂನು ಎರಡು ಅನುಕೂಲ ಮಾಡಿಕೊಟ್ಟಿದೆ.

ಮೊದಲನೆಯದು ಪರ್ಮಿಟ್ಟಿನದು. ಗಾಡಿಯ ತೂಕ ಮತ್ತು ಹೊರಬಹುದಾದ ಮಾಲಿನ ತೂಕ ಎರಡೂ ಸೇರಿ 3,000 ಕಿಲೋ ಮೀರದಿದ್ದರೆ 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಡ. ಆದ್ದರಿಂದ ಕೊಳ್ಳುವ ಮುಂಚೆ ಈ ಒಟ್ಟು ತೂಕ ಎಷ್ಟೆಂದು ಕೇಳಿ. ಸ್ವಲ್ಪ ದೊಡ್ಡ ಪಿಕಪ್ಪುಗಳಲ್ಲಿ ಕೆಲವು ಈ ಮಿತಿ ದಾಟುತ್ತವೆ.

ಎರಡನೆಯದು ಲೈಸೆನ್ಸಿನದು. ಕಾರಿನ ಲೈಸೆನ್ಸಿನಲ್ಲಿ ಹಳದಿ ಬೋರ್ಡಿನ ಗಾಡಿ ಓಡಿಸಬಹುದೋ ಇಲ್ಲವೋ ಎಂಬ ವಿವಾದ ಬಹಳ ವರ್ಷ ನಡೆಯಿತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ತೀರ್ಮಾನಿಸಿದೆ. ಒಟ್ಟು ತೂಕ 7,500 ಕಿಲೋದೊಳಗಿನ ಸರಕು ಗಾಡಿಗೆ ಲಘು ಮೋಟಾರು ವಾಹನದ ಲೈಸೆನ್ಸೇ ಸಾಕು.

ಇನ್ನು ನಮ್ಮ ಹೊಣೆಗಳು. ಎಫ್.ಸಿ. ಮರೆಯಬಾರದು. ಹೊಸ ಗಾಡಿಗೆ ಮೊದಲ ಎರಡು ವರ್ಷ ಚಿಂತೆಯಿಲ್ಲ. ಆಮೇಲೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಮಾಡಿಸಬೇಕು. ಎಫ್.ಸಿ. ಇಲ್ಲದ ಸಾರಿಗೆ ವಾಹನ ನೋಂದಣಿಯೇ ಇಲ್ಲದ ವಾಹನಕ್ಕೆ ಸಮ ಎನ್ನುತ್ತದೆ 56ನೇ ಕಲಮು. ಹಳೇ ಗಾಡಿ ಕೊಳ್ಳುವವರು ಟೈರು ಒದ್ದು ನೋಡುವುದಕ್ಕೆ ಮುಂಚೆ ಎಫ್.ಸಿ. ತಾರೀಖು ನೋಡಲಿ. ಕೊಂಡ ಮೇಲೆ ಮೂವತ್ತು ದಿನದೊಳಗೆ ಆರ್.ಸಿ.ಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಲಿ. ಸಾಲದ ಗಾಡಿಯಾದರೆ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಕಂತು ತೀರಿತೆಂದು ಸುಮ್ಮನೆ ಕೂರದೆ ಫಾರಂ 35ಕ್ಕೆ ಸಹಿ ಹಾಕಿಸಿಕೊಂಡು ಆ ಹೆಸರು ತೆಗೆಸಬೇಕು. ಇಲ್ಲದಿದ್ದರೆ ಮಾರುವ ದಿನ ಪರದಾಟ ತಪ್ಪಿದ್ದಲ್ಲ.

ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಬೆಳಿಗ್ಗೆ ಕಳೆ ಕೀಳುವ ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ಹೋಗುತ್ತೇವೆ. ಜಾತ್ರೆಗೆ, ಮದುವೆ ದಿಬ್ಬಣಕ್ಕೆ "ಹತ್ರಪ್ಪ ಹತ್ರಿ" ಎಂದು ಊರನ್ನೇ ತುಂಬುತ್ತೇವೆ. ಪುಕ್ಕಟೆ ಕರೆದೊಯ್ದರೆ ಪುಣ್ಯವೆಂದೇ ನಮ್ಮ ಭಾವನೆ. ಆದರೆ ಸರಕು ಗಾಡಿಯಲ್ಲಿ ಹೀಗೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಮಾಲಿನ ಯಜಮಾನ ಅಥವಾ ಅವನು ಕಳಿಸಿದ ಮನುಷ್ಯನಿಗೆ ಮಾತ್ರ ವಿಮೆಯ ರಕ್ಷಣೆ ಇದೆ. ಅವನೂ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಬೇಕು, ಮೂಟೆ ಮೇಲಲ್ಲ. ಗಾಡಿ ಮಗುಚಿದರೆ ಕೂಲಿಗೆ ಬಂದ ತಾಯಿಯ ಮಕ್ಕಳು ಅನಾಥರಾಗುತ್ತಾರೆ; ಪರಿಹಾರದ ಹೊರೆ ಹೊತ್ತು ಗಾಡಿಯವನ ಹೊಲವೂ ಹರಾಜಿಗೆ ಬರಬಹುದು. ಎರಡೂ ನಮ್ಮೂರಿನ ಮನೆಗಳೇ.

ಆದ್ದರಿಂದ ಬೋರ್ಡಿನ ಬಣ್ಣಕ್ಕಾಗಿ ಆಫೀಸಿನಲ್ಲಿ ಜಗಳ ಆಡುವುದು ಬೇಡ. ಈ ಗಾಡಿ ಮಾಲಿಗೆ, ಮನುಷ್ಯರಿಗಲ್ಲ ಎಂದು ನೆನಪಿಸುವ ಗುರುತು ಅದು ಎಂದು ತಿಳಿಯೋಣ. ಒಬ್ಬನ ಸಾಲಕ್ಕೆ ಇನ್ನೊಬ್ಬ ಜಾಮೀನು ನಿಂತು ಬೆಳೆಸಿದ ಸಂಘ ಇದು. ಒಬ್ಬರ ಜೀವಕ್ಕೆ ಇನ್ನೊಬ್ಬರು ಜಾಮೀನು ಎಂಬುದೂ ನಮ್ಮ ನೆನಪಿನಲ್ಲಿರಲಿ.



ಜೈ ಸಹಕಾರ.